ಗೆಳೆಯನಿಗೊಂದು ಪತ್ರ: ಕೇಪ್‌ಟೌನ್‌ಗೆ ಹೊರಡುವ ಮುಂಚೆ

ಪ್ರೀತಿಯ ಶಿವು,

ದಕ್ಷಿಣ ಆಫ್ರಿಕಾ ಹೇಗಿತ್ತು, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಖಂಡಿತ ಹೋಗು. ಆದರೆ ನಮ್ಮ ಹೋಟೆಲಿನಲ್ಲಿ ತಿಂಡಿಗೆ ಕೂತ ಪ್ರವಾಸಿಗರೆಲ್ಲ ಹೇಳುತ್ತಿದ್ದ ಹಾಗೆ "ದೇಶ ತುಂಬಾ ಚೆನ್ನಾಗಿದೆ, ಬಡತನ ನೋಡಿದರೆ ಬೇಜಾರಾಗುತ್ತೆ" ಅಂದುಕೊಂಡು ಬಂದುಬಿಡಬೇಡ. ಅಲ್ಲಿನ ಚೆಂದವನ್ನೂ ಬಡತನವನ್ನೂ ಹಾಗೆ ಬಿಡಿಸಿ ನೋಡೋಕೆ ಆಗಲ್ಲ. ಕೇಪ್‌ಟೌನ್‌ನಲ್ಲಿ ನಮಗೆ ತುಂಬಾ ಇಷ್ಟವಾದ ಜಾಗಗಳ ಬಗ್ಗೆ ವಿಚಾರಿಸುತ್ತಾ ಹೋದರೆ, ಅಲ್ಲಿಂದ ಯಾರನ್ನೋ ಎಬ್ಬಿಸಿ ಕಳಿಸಿದ ಕಥೆಯೇ ಸಿಗುತ್ತಿತ್ತು.

ಮೊದಲು ಚೆಂದದ ಮಾತು. ಊರಿನ ಮಧ್ಯದಲ್ಲೇ ಟೇಬಲ್ ಮೌಂಟನ್ ನಿಂತಿದೆ. ಸಾವಿರ ಮೀಟರಿಗಿಂತ ಜಾಸ್ತಿ ಎತ್ತರ, ನೆತ್ತಿ ಮಾತ್ರ ಚಪ್ಪಟೆ. ಬೇಸಿಗೆಯಲ್ಲಿ ಆಗ್ನೇಯದ ಗಾಳಿ ಬೀಸಿದಾಗ ಮೋಡ ಆ ನೆತ್ತಿಯ ತುಂಬಾ ಹರಡಿ, ಉಕ್ಕಿದ ಹಾಲಿನ ಹಾಗೆ ಅಂಚಿನಿಂದ ಕೆಳಗೆ ಇಳಿಯುತ್ತದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಕರಗಿ ಮಾಯವಾಗುತ್ತದೆ. ನಾವಿಬ್ಬರೂ ರಸ್ತೆ ಬದಿಯಲ್ಲಿ ಮಾತಿಲ್ಲದೆ ನಿಂತುಬಿಟ್ಟಿದ್ದೆವು. ಚಾಪ್‌ಮನ್ಸ್ ಪೀಕ್ ಅನ್ನೋ ರಸ್ತೆ ಇದೆ, ಒಂಬತ್ತು ಕಿಲೋಮೀಟರಿನಲ್ಲಿ 114 ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೇರ ಕೆಳಗೆ ಅಟ್ಲಾಂಟಿಕ್ ಸಾಗರ. ಗಿಡಗಳ ಬಗ್ಗೆ ನಿನಗೆ ಆಸಕ್ತಿ ಇರೋದರಿಂದ ಇದನ್ನೂ ಹೇಳುತ್ತೇನೆ: ಆ ದೇಶದ ನೈಋತ್ಯ ಮೂಲೆಯಲ್ಲಿ ಸುಮಾರು 9,000 ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಶೇ. 70ರಷ್ಟು ಬೇರೆಲ್ಲೂ ಸಹಜವಾಗಿ ಬೆಳೆಯೋದಿಲ್ಲ. ಬೆಟ್ಟದ ಮೇಲೆ ಮೊಣಕಾಲೆತ್ತರದ ಒರಟು ಪೊದೆಗಳು. ಬಗ್ಗಿ ನೋಡಿದರೆ ಒಂದೊಂದರಲ್ಲೂ ಬೇರೆ ಬೇರೆ ಹೂವು.

ಆ ಗಿಡಗಳನ್ನೆಲ್ಲ ಒಂದೇ ಕಡೆ ನೋಡಬೇಕಂದರೆ ಬೆಟ್ಟದ ಪೂರ್ವದ ತಪ್ಪಲಿನಲ್ಲಿರುವ ಕರ್ಸ್ಟನ್‌ಬಾಷ್ ಸಸ್ಯತೋಟಕ್ಕೆ ಹೋಗಬೇಕು. ಇಷ್ಟು ಚೆಂದದ ತೋಟವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಹಸಿರು ಹುಲ್ಲು, ಹಿಂದೆ ನೇರ ಎದ್ದ ಬೆಟ್ಟ, ಮುಖದಷ್ಟು ಅಗಲದ ಪ್ರೋಟಿಯಾ ಹೂಗಳು. ಆ ತೋಟದ ಒಳಗೇ ಒಂದು ಹಳೆಯ ಬೇಲಿ ಇದೆ, ಕಾಡು ಬಾದಾಮಿ ಗಿಡಗಳದ್ದು. ಕೊಂಬೆಗಳು ನೆಲಕ್ಕೆ ಬಾಗಿ, ಮತ್ತೆ ಎದ್ದು, ಒಂದಕ್ಕೊಂದು ಹೆಣೆದುಕೊಂಡಿವೆ. ಅದನ್ನು ನೆಡಿಸಿದ್ದು 1660ರಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಬಂದು ನೆಲೆಸಿ ಹತ್ತು ವರ್ಷವೂ ಆಗಿರಲಿಲ್ಲ. ಅಲ್ಲಿ ಮೊದಲಿಂದಲೂ ದನ ಮೇಯಿಸಿಕೊಂಡಿದ್ದ ಖೋಯ್‌ಖೋಯ್ ಜನ ತಮ್ಮದೇ ಹುಲ್ಲುಗಾವಲಿಗೆ ಬರದಿರಲಿ ಅಂತ ಆ ಡಚ್ ನೆಲೆಯ ಮುಖ್ಯಸ್ಥ ಯಾನ್ ವಾನ್ ರಿಬೀಕ್ ಹಾಕಿಸಿದ ಗಡಿ ಅದು. ಮುನ್ನೂರ ಅರವತ್ತಕ್ಕೂ ಜಾಸ್ತಿ ವರ್ಷ ಕಳೆದರೂ ಆ ಬೇಲಿಯ ತುಂಡುಗಳು ಹಸಿರಾಗಿಯೇ ಇವೆ. ಮುಟ್ಟಿ ನೋಡಿದೆ, ಶಿವು. ಓದಿದ ಯಾವ ಪುಸ್ತಕವೂ ಆ ನೆಲದ ಕಥೆಯನ್ನು ನನಗೆ ಅಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ತೋಟ ಶುರುವಾದದ್ದು 1913ರಲ್ಲಿ. ಅದೇ ವರ್ಷ ಆ ದೇಶದಲ್ಲಿ ಇನ್ನೊಂದು ಕೆಲಸವೂ ಆಯಿತು. ನೇಟಿವ್ಸ್ ಲ್ಯಾಂಡ್ ಆಕ್ಟ್ ಅನ್ನೋ ಕಾನೂನು ಬಂತು. ದೇಶದ ಬಹುಪಾಲು ಜನರಾಗಿದ್ದ ಕಪ್ಪು ಜನರಿಗೆ ಅಂತ ಉಳಿಸಿದ್ದು ಸುಮಾರು ಶೇ. 7ರಷ್ಟು ನೆಲ. ಅದರ ಆಚೆ ಅವರು ಜಮೀನು ಕೊಳ್ಳುವ ಹಾಗಿಲ್ಲ, ಗೇಣಿಗೆ ಹಿಡಿಯುವ ಹಾಗಿಲ್ಲ. 1936ರಲ್ಲಿ ಅದನ್ನು ಶೇ. 13ರ ಆಸುಪಾಸಿಗೆ ಏರಿಸಿದರು, ಅಷ್ಟೇ. ಕರ್ಸ್ಟನ್‌ಬಾಷ್ ಪಕ್ಕದಲ್ಲೇ ಪ್ರೋಟಿಯಾ ವಿಲೇಜ್ ಅನ್ನೋ ಪುಟ್ಟ ಹಳ್ಳಿ ಇತ್ತು. ತೋಟದಲ್ಲಿ ಕೆಲಸ ಮಾಡುತ್ತಿದ್ದ ಅನೇಕ ಕುಟುಂಬಗಳು ಅಲ್ಲಿಯೇ ಇದ್ದವು. ಜಾಗ ಬಿಳಿಯರಿಗೆ ಮಾತ್ರ ಅಂತ 1960ರ ದಶಕದಲ್ಲಿ ಅವರನ್ನೂ ಎಬ್ಬಿಸಿದರು. ಹಳ್ಳಿ ಹೋಯಿತು, ಅವರ ಕಲ್ಲಿನ ಚರ್ಚು ಉಳಿಯಿತು. ದೂರ ಹೋದವರು ಎಷ್ಟೋ ವರ್ಷ ಆ ಚರ್ಚಿಗೆ ಪ್ರಾರ್ಥನೆಗೆ ಬರುತ್ತಲೇ ಇದ್ದರಂತೆ. ಜನ ಬೆಳೆಸಿದ ತೋಟ ಅದು. ಬೆಳೆಸಿದವರನ್ನೇ ಓಡಿಸಿದರು. ನನಗೆ ಇದು ಇವತ್ತಿಗೂ ಜೀರ್ಣ ಆಗಿಲ್ಲ.

ಹೀಗೆ ಎಬ್ಬಿಸೋದಕ್ಕೆ ಅಸ್ತ್ರವಾಗಿದ್ದು ಆಗಿನ ಬಿಳಿಯರ ಸರ್ಕಾರದ 1950ರ ಗ್ರೂಪ್ ಏರಿಯಾಸ್ ಆಕ್ಟ್. ಮನುಷ್ಯರನ್ನು ಬಿಳಿಯರು, ಕಪ್ಪು ಜನ, ಭಾರತೀಯರು, ಕಲರ್ಡ್ (ಮಿಶ್ರ ಮೂಲದವರು) ಅಂತ ವಿಂಗಡಿಸಿ, ಯಾರು ಎಲ್ಲಿ ವಾಸ ಮಾಡಬೇಕು ಅಂತ ನಕ್ಷೆ ಬರೆದರು. ಕೇಪ್‌ಟೌನ್‌ನ ನಕ್ಷೆ ನೋಡಿದರೆ ಲೆಕ್ಕ ಸಲೀಸಾಗಿ ಅರ್ಥವಾಗುತ್ತದೆ. ಬೆಟ್ಟದ ತಪ್ಪಲು, ಸಮುದ್ರದ ಅಂಚು, ನೆರಳು, ನೀರು ಬಿಳಿಯರಿಗೆ. ಊರಾಚೆಯ ಕೇಪ್ ಫ್ಲ್ಯಾಟ್ಸ್ ಅನ್ನೋ ಮರಳು ಬಯಲು ಉಳಿದವರಿಗೆ. ಬೇಸಿಗೆಯಲ್ಲಿ ಗಾಳಿ ಮರಳೆರಚುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಮಧ್ಯೆ ರೈಲು ಹಳಿ, ದೊಡ್ಡ ರಸ್ತೆ, ಖಾಲಿ ಜಾಗ ಬಿಟ್ಟು ಒಬ್ಬರಿಗೊಬ್ಬರು ಸೇರದ ಹಾಗೆ ಮಾಡಿದರು. ವಿಮಾನ ನಿಲ್ದಾಣದಿಂದ ಊರಿಗೆ ಬರುವಾಗ ಎನ್-2 ಹೆದ್ದಾರಿಯ ಪಕ್ಕದಲ್ಲಿ ತಗಡಿನ ಮನೆಗಳ ಸಾಲು ಕಾಣುತ್ತದೆ, ಎದುರಿಗೆ ಬೆಟ್ಟ. ಮಕ್ಕಳು ಕಿಟಕಿಯಿಂದ ನೋಡಿ ಪ್ರಶ್ನೆ ಕೇಳೇ ಕೇಳುತ್ತಾರೆ. ಉತ್ತರ ತಯಾರಿರಲಿ.

ನಮ್ಮನ್ನು ಕಾರಿನಲ್ಲಿ ಸುತ್ತಾಡಿಸಿದ ಹಿರಿಯರ ಮನೆ ಮಿಚೆಲ್ಸ್ ಪ್ಲೇನ್‌ನಲ್ಲಿ, ಅದೇ ಬಯಲಿನಲ್ಲಿ. ಅವರು ಹುಟ್ಟಿದ್ದು ಮಾತ್ರ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ. ಬಂದರಿಗೆ ಹತ್ತಿರ, ಬೆಟ್ಟದ ಬುಡದಲ್ಲಿ, ಎಲ್ಲ ಮತದವರೂ ಒಟ್ಟಿಗಿದ್ದ ಗಿಜಿಗಿಜಿ ಬಡಾವಣೆ ಅದು. 1966ರಲ್ಲಿ ಸರ್ಕಾರ ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಅಲ್ಲಿಂದ ತೆಗೆದರು, ಮನೆಗಳನ್ನು ಬುಲ್ಡೋಜರ್ ಹತ್ತಿಸಿ ನೆಲಸಮ ಮಾಡಿದರು. ಮಸೀದಿ, ಚರ್ಚು ಕೆಲವು ಉಳಿದವು. ವಿಚಿತ್ರ ಏನಂದರೆ, ಆ ನೆಲದ ಬಹಳಷ್ಟು ಭಾಗ ಇವತ್ತಿಗೂ ಖಾಲಿ. ಊರಿನ ನಡುವಿನ ಜಾಗ, ಹುಲ್ಲು ಬೆಳೆದು ಬಿದ್ದಿದೆ. ಕಾರು ನಿಲ್ಲಿಸಿ ಅವರು ಬೆರಳು ತೋರಿಸಿ ಹೇಳಿದರು, "ಇಲ್ಲಿ ನಮ್ಮ ಮನೆ. ಅಲ್ಲಿ ಶಾಲೆ. ಅಪ್ಪ ಬಂದರಿಗೆ ನಡೆದೇ ಹೋಗುತ್ತಿದ್ದರು." ಎಬ್ಬಿಸಿದ ಮೇಲೆ ಅದೇ ಅಪ್ಪ ಕೆಲಸಕ್ಕೆ ಹೋಗಲು ಕತ್ತಲಲ್ಲೇ ಎದ್ದು ರೈಲು ಹಿಡಿಯಬೇಕಾಯಿತಂತೆ. ನೆರೆಹೊರೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಮನೆಗಿಂತ ಜಾಸ್ತಿ ಅಮ್ಮ ಅತ್ತದ್ದು ಅದಕ್ಕೆ ಅಂದರು.

ಹತ್ತಿರದಲ್ಲೇ ಒಂದು ಹಳೆಯ ಚರ್ಚಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಇದೆ. ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ ಹಾಸಿದ್ದಾರೆ. ಅಲ್ಲಿದ್ದವರು ಬಂದು ತಮ್ಮ ಮನೆ ಇದ್ದ ಕಡೆ ಹೆಸರು ಬರೆದಿದ್ದಾರೆ. ಹಳೆಯ ಬೀದಿಗಳ ಹೆಸರಿನ ಫಲಕಗಳನ್ನು ಮೇಲಿಂದ ಇಳಿಬಿಟ್ಟಿದ್ದಾರೆ. ಮನೆ ಕೆಡವುವ ಕೆಲಸ ಮಾಡಿಸಿದವನೇ ಅವನ್ನು ಎತ್ತಿಟ್ಟುಕೊಂಡು, ಆಮೇಲೆ ಮ್ಯೂಸಿಯಂಗೆ ಕೊಟ್ಟನಂತೆ. ನೀನು ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡ.

ಪೆಂಗ್ವಿನ್ ನೋಡೋಕೆ ಮಕ್ಕಳು ಹಟ ಮಾಡುತ್ತಾರೆ, ಗೊತ್ತು. ಅವು ಇರೋದು ಸೈಮನ್ಸ್ ಟೌನ್ ಪಕ್ಕದ ಬೋಲ್ಡರ್ಸ್ ಬೀಚಿನಲ್ಲಿ. ಮರದ ಹಾದಿಯ ಮೇಲೆ ನಿಂತರೆ ಕೈಯಳತೆಯಲ್ಲಿ ಓಡಾಡುತ್ತವೆ. ಸೈಮನ್ಸ್ ಟೌನ್ ಕೂಡ 1967ರಲ್ಲಿ ಬಿಳಿಯರ ಊರಾಯಿತು. ತಲೆಮಾರುಗಳಿಂದ ಮೀನು ಹಿಡಿದುಕೊಂಡು, ನೌಕಾನೆಲೆಯಲ್ಲಿ ದುಡಿದುಕೊಂಡು ಇದ್ದವರನ್ನು ಬೆಟ್ಟದ ಆಚೆಗೆ, ಓಷನ್ ವ್ಯೂ ಅನ್ನೋ ಹೊಸ ಕಾಲೊನಿಗೆ, ಇನ್ನೂ ದೂರದ ಗುಗುಲೆತುಗೆ ಸಾಗಿಸಿದರು. ಕ್ಲಿಫ್ಟನ್, ಕ್ಯಾಂಪ್ಸ್ ಬೇ ತರಹದ ಬೀಚುಗಳಲ್ಲಿ ಕಾಲಿಡುವುದಕ್ಕೂ ಬಣ್ಣ ನೋಡುವ ಕಾಲ ಇತ್ತು. ನನ್ನ ನಿನ್ನ ತರಹದವರಿಗೂ ಅಲ್ಲಿ ಜಾಗ ಇರಲಿಲ್ಲ. ಅಂಥ ಪ್ರತ್ಯೇಕತೆಗೆ ಅನುಮತಿ ಕೊಟ್ಟ 1953ರ ಕಾನೂನು ರದ್ದಾಗಿದ್ದು 1990ರಲ್ಲಿ. ನಾವು ಆಗ ಹುಟ್ಟಿದ್ದೆವು, ಅಲ್ವಾ?

ರಾಬೆನ್ ದ್ವೀಪದ ಬಗ್ಗೆ ನಿನಗೆ ಗೊತ್ತಿರುವುದೇ, ಮಂಡೇಲಾ ತಮ್ಮ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದ ಜಾಗ. ನನ್ನ ತಲೆಯಲ್ಲಿ ಉಳಿದದ್ದು ಊಟದ ಪಟ್ಟಿ. ಭಾರತೀಯ ಕೈದಿಗಳಿಗೆ ಬ್ರೆಡ್ಡು ಸಿಗುತ್ತಿತ್ತು, ಕಪ್ಪು ಕೈದಿಗಳಿಗೆ ಇಲ್ಲ. ಸಕ್ಕರೆಯೂ ಕಡಿಮೆ. ಮಂಡೇಲಾ ಜೊತೆಗಿದ್ದ ಭಾರತೀಯ ಮೂಲದ ಅಹ್ಮದ್ ಕಥ್ರಾಡಾ ಅವರಿಗೆ ಉದ್ದ ಪ್ಯಾಂಟು, ಮಂಡೇಲಾಗೆ ಚಡ್ಡಿ. ಒಂದೇ ಹೋರಾಟ, ಒಂದೇ ಜೈಲು.

ಇದೆಲ್ಲ ಹಳೆಯ ಕಥೆ ಅಂತ ನೀನು ಅನ್ನಬಹುದು. ಎಲ್ಲ ಬಣ್ಣದವರೂ ಮೊದಲ ಸಲ ಮತ ಹಾಕಿದ 1994ರ ಚುನಾವಣೆ ಆದಮೇಲೆ ಬಹಳ ಬದಲಾಗಿದೆ, ಅದು ನಿಜ. ಲಕ್ಷಾಂತರ ಬಡ ಕುಟುಂಬಗಳಿಗೆ ಸರ್ಕಾರ ಮನೆ ಕಟ್ಟಿಕೊಟ್ಟಿದೆ, ಕರೆಂಟು ಬಂದಿದೆ, ಕೋಟಿಗೂ ಹೆಚ್ಚು ಜನರಿಗೆ ತಿಂಗಳ ಸಹಾಯಧನ ಸಿಗುತ್ತದೆ. ಆದರೆ ಆ ಮನೆಗಳನ್ನು ಕಟ್ಟಿದ್ದು ಹೆಚ್ಚಾಗಿ ಊರಾಚೆ, ಜಮೀನು ಅಗ್ಗ ಇದ್ದ ಕಡೆ. ಕಾನೂನು ಬದಲಾಯಿತು, ನಕ್ಷೆ ಹಾಗೇ ಉಳಿಯಿತು. ವಿಶ್ವಬ್ಯಾಂಕಿನ 2022ರ ವರದಿ ಪ್ರಕಾರ ದೇಶದ ಸಂಪತ್ತಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಇರೋದು ಶೇ. 10ರಷ್ಟು ಜನರ ಕೈಯಲ್ಲಿ.  ದುಡಿಯುವವರು, ಕೆಲಸ ಹುಡುಕುವವರು ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕೆಲಸ ಇಲ್ಲ. ಮನೆಗೆಲಸದವರಿಗೆ ಉಳಿದ ಕೆಲಸಗಾರರಷ್ಟೇ ಕನಿಷ್ಠ ಕೂಲಿ ಸಿಕ್ಕಿದ್ದು 2022ರಲ್ಲಿ. 2025ರಲ್ಲಿ ಅದು ಗಂಟೆಗೆ 28.79 ರಾಂಡ್ ಇತ್ತು. ಅದರಲ್ಲೂ ಒಂದು ಪಾಲು ಮಿನಿಬಸ್ ಟ್ಯಾಕ್ಸಿಗೇ ಹೋಗುತ್ತದೆ.

ಹೌಟ್ ಬೇ ಅನ್ನೋ ಕಡಲತೀರದ ಊರಿಗೆ ಹೋದರೆ ಇದು ಒಂದೇ ನೋಟಕ್ಕೆ ಕಾಣುತ್ತದೆ. ಒಂದು ಇಳಿಜಾರಿನಲ್ಲಿ ಈಜುಕೊಳ ಇರುವ ಬಂಗಲೆಗಳು, ಪಕ್ಕದ ಇಳಿಜಾರಿನಲ್ಲಿ ಇಮಿಜಾಮೊ ಯೇತು ಅನ್ನೋ ಬಡವರ ಬಡಾವಣೆ. ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. 2017ರ ಮಾರ್ಚಿನಲ್ಲಿ ಬೆಂಕಿ ಬಿದ್ದಾಗ ಸಾವಿರಾರು ಜನ ಮನೆ ಕಳೆದುಕೊಂಡರು. ಮೊದಲೇ ಶುರುವಾಗಿದ್ದ ಬರಗಾಲ ಬಿಗಡಾಯಿಸಿ, ಮರುವರ್ಷ ಕೇಪ್‌ಟೌನ್‌ನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ನೀರು ಅಂತ ಮಿತಿ ಹಾಕಿದರು. ಜಗತ್ತೆಲ್ಲ ಅದರ ಬಗ್ಗೆ ಮಾತಾಡಿತು. ತಗಡಿನ ಮನೆಗಳವರು ಬೀದಿ ನಲ್ಲಿಯಿಂದ ಬಕೆಟಿನಲ್ಲಿ ಹೊತ್ತು ತರುತ್ತಿದ್ದದ್ದು ಮೊದಲಿಂದಲೂ ಇಷ್ಟೇ ನೀರು. ಅದನ್ನು ಯಾರೂ ಬಿಕ್ಕಟ್ಟು ಅಂದಿರಲಿಲ್ಲ.

ಈಗ ನಿನ್ನ ಸುರಕ್ಷತೆಯ ಪ್ರಶ್ನೆ. ಅಪರಾಧ ಇದೆ, ಸುಮ್ನೆ ಇಲ್ಲ ಅನ್ನಲ್ಲ. ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಕಾರಿನ ಸೀಟಿನ ಮೇಲೆ ಬ್ಯಾಗು ಬಿಡಬೇಡಿ, ಬೆಟ್ಟ ಹತ್ತುವಾಗ ಗುಂಪಿನಲ್ಲಿರಿ. ಇಷ್ಟು ಜಾಗ್ರತೆ ಸಾಕು. ಆದರೆ ಕೊಲೆಗಳು ಹೆಚ್ಚಾಗಿ ನಡೆಯೋದು ಹೆಚ್ಚಿನ ಪ್ರವಾಸಿಗರು ಕಾಲಿಡದ, ಕೇಪ್ ಫ್ಲ್ಯಾಟ್ಸ್ ಬಯಲಿನ ನ್ಯಾಂಗಾ, ಡೆಲ್ಫ್ಟ್, ಖಾಯೆಲಿತ್ಶಾ ಕಡೆ. ಎತ್ತರದ ಗೋಡೆ, ಕರೆಂಟು ಬೇಲಿ, ಖಾಸಗಿ ಗಾರ್ಡುಗಳು ಇರೋದು ಬಂಗಲೆಗಳಿಗೆ. ಭಯದಲ್ಲಿ ಬದುಕೋದು ಅವು ಯಾವುದೂ ಇಲ್ಲದವರು.

ಬಿಳಿಯರಲ್ಲದವರಿಗೆ ಅಂತ ಊರಾಚೆ ಮಾಡಿದ ಬಡಾವಣೆಗಳಿಗೆ ಅಲ್ಲಿ ಟೌನ್‌ಶಿಪ್ ಅನ್ನುತ್ತಾರೆ. ಟೌನ್‌ಶಿಪ್ ಪ್ರವಾಸ ಅಂತ ಬಸ್ಸಿನಲ್ಲಿ ಕರೆದುಕೊಂಡು ಹೋಗುವವರಿದ್ದಾರೆ. ಕಿಟಕಿಯಿಂದ ಬಡವರ ಫೋಟೋ ತೆಗೆಯುವ ಆ ಪದ್ಧತಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಹಾಗಂತ ಹೋಗದೇ ಇರೋದೂ ಸರಿಯಲ್ಲ. ನಾವು ಲಾಂಗಾಗೆ ಹೋದೆವು, ಅಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹುಡುಗನ ಜೊತೆ, ನಡೆದುಕೊಂಡು. ಅಲ್ಲಿನ ಹಳೆಯ ಪಾಸ್ ಆಫೀಸು ಈಗ ಮ್ಯೂಸಿಯಂ. ಕಪ್ಪು ಜನ ಊರಿನಲ್ಲಿ ಇರಬೇಕಂದರೆ ಆಗ ಪಾಸ್ ಪುಸ್ತಕ ಜೇಬಿನಲ್ಲಿರಲೇಬೇಕಿತ್ತು, ಇಲ್ಲದಿದ್ದರೆ ಜೈಲು. ಇದರ ವಿರುದ್ಧ 1960ರ ಮಾರ್ಚ್ 30ರಂದು ಫಿಲಿಪ್ ಕ್ಗೋಸಾನಾ ಅನ್ನೋ 23ರ ವಿದ್ಯಾರ್ಥಿಯ ಹಿಂದೆ ಸುಮಾರು 30,000 ಜನ ಲಾಂಗಾದಿಂದ ಕೇಪ್‌ಟೌನ್‌ಗೆ ನಡೆದರು. ಒಂದು ಕಲ್ಲೂ ತೂರಲಿಲ್ಲ. ಮಂತ್ರಿಯ ಜೊತೆ ಮಾತಾಡಿಸುತ್ತೇವೆ ಅಂತ ಪೊಲೀಸರು ಹೇಳಿದ್ದನ್ನು ನಂಬಿ ಆತ ಜನರನ್ನು ವಾಪಸ್ ಕಳಿಸಿದ. ಸಂಜೆ ಮಾತಿಗೆ ಬಂದಾಗ ಬಂಧಿಸಿದರು. ಆ ಮೆರವಣಿಗೆ ಸಾಗಿದ ರಸ್ತೆ ಟೇಬಲ್ ಮೌಂಟನ್ ತಪ್ಪಲಿನದ್ದು, ಈಗ ಅದಕ್ಕೆ ಕ್ಗೋಸಾನಾ ಅವರದೇ ಹೆಸರು. ಪ್ರವಾಸಿಗರೆಲ್ಲ ಬಂದರಿನ ನೋಟಕ್ಕಾಗಿ ಅಲ್ಲಿ ಕಾರು ನಿಧಾನ ಮಾಡುತ್ತಾರೆ. ನೀನೂ ಮಾಡು, ಮಕ್ಕಳಿಗೆ ಈ ಕಥೆ ಹೇಳು.

ಹೂವು ನೋಡಬೇಕಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯದು. ರಾಬೆನ್ ದ್ವೀಪದ ದೋಣಿ ಗಾಳಿ ಜಾಸ್ತಿ ಇದ್ದರೆ ಹೊರಡೋದಿಲ್ಲ, ಹಾಗಾಗಿ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡ. ಕಾರು ನಿಲ್ಲಿಸಿದ ಕಡೆ ಹಳದಿ ಜಾಕೆಟ್ಟಿನವರು ಕಾವಲಿಗೆ ನಿಂತಿರುತ್ತಾರೆ. ಅನೇಕರಿಗೆ ಸಂಬಳವೇ ಇಲ್ಲ, ನಾವು ಕೊಟ್ಟದ್ದೇ ಆದಾಯ. ಚಿಲ್ಲರೆ ಜೇಬಿನಲ್ಲಿರಲಿ, ಮುಖ ನೋಡಿ ಮಾತಾಡಿಸಿ ಕೊಡು. ಆ ಹಿರಿಯ ಡ್ರೈವರ್ ನಂಬರ್ ನನ್ನ ಹತ್ತಿರ ಇದೆ, ಅವರನ್ನು ಕೇಳಿ ನಿನಗೆ ಕಳಿಸುತ್ತೇನೆ. ದಿನಾಂಕ ಗೊತ್ತಾದ ತಕ್ಷಣ ತಿಳಿಸು.

ನಿನ್ನ,
ರಾಘು