ತಪ್ಪು ಆಯಿಲ್ ಹಾಕಿದ್ದೀರಿ, ಸರಿಪಡಿಸಿ ಕೊಡಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಇಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್‌ಗೆ ಕಂಪನಿ ಹೇಳದ ಆಯಿಲ್ ಹಾಕಿರುವ ಬಗ್ಗೆ ದೂರು.

ಮಾನ್ಯರೇ,

ಕಳೆದ ಸರ್ವಿಸ್‌ನಲ್ಲಿ ನಿಮ್ಮವರು ನನ್ನ ಕಾರಿನ ಮೂರು ಆಯಿಲ್‌ಗಳನ್ನೂ ಬದಲಿಸಿದರು. ಮೂರರಲ್ಲಿ ಒಂದೂ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದದ್ದಲ್ಲ. ಇದನ್ನು ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ಎದುರಾ ಎದುರೇ ಹೇಳಿದ್ದೇನೆ, ಫೋನಿನಲ್ಲೂ ಹೇಳಿದ್ದೇನೆ. "ಎಲ್ಲ ಕಾರಿಗೂ ಇದನ್ನೇ ಹಾಕ್ತೀವಿ ಸರ್, ಏನೂ ಆಗಲ್ಲ" ಅನ್ನುವುದೇ ಉತ್ತರವಾಯಿತು. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನನ್ನದು ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್ ಇಂಜಿನ್. ಆರು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಇಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನು, ಅಲ್ಲಿ ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಮ್ಮನೆ ಗಿರಕಿ ಹೊಡೆಯದಂತೆ ಎರಡಕ್ಕೂ ಬಲ ಹಂಚುವ ಗೇರುಗಳ ಜೋಡಣೆ. ಜಾಬ್ ಕಾರ್ಡಿನಲ್ಲಿ ಇದೆಲ್ಲ ನಿಮ್ಮವರ ಕೈಬರಹದಲ್ಲೇ ಇದೆ. ಮ್ಯಾನ್ಯುಯಲ್ ಪ್ರಕಾರ ಇಂಜಿನ್‌ಗೆ 5ಡಬ್ಲ್ಯು-40 ಗ್ರೇಡ್, ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಇಟ್ಟ ಎ3/ಬಿ4 ದರ್ಜೆ, ಜೊತೆಗೆ ಕಾರು ಕಂಪನಿಯ ಅಪ್ರೂವಲ್ ಇರಬೇಕು. ಗೇರ್‌ಬಾಕ್ಸ್‌ಗೆ 75ಡಬ್ಲ್ಯು-80, ಗೇರ್ ಆಯಿಲ್‌ಗಳ ಜಿಎಲ್-4 ದರ್ಜೆ. ಡಿಫರೆನ್ಷಿಯಲ್‌ಗೆ 75ಡಬ್ಲ್ಯು-90, ಜಿಎಲ್-5, ಲಿಮಿಟೆಡ್ ಸ್ಲಿಪ್‌ಗೆಂದೇ ಮಾಡಿದ ಆಯಿಲ್. ಪುಟ ಮಡಿಸಿಟ್ಟು ಮ್ಯಾನ್ಯುಯಲನ್ನು ಕಾರಿನಲ್ಲೇ ಬಿಟ್ಟಿದ್ದೆ. ಯಾರೂ ತೆಗೆದು ನೋಡಿದ ಹಾಗಿಲ್ಲ.

ನಿಮ್ಮ ಬಿಲ್ಲಿನಲ್ಲಿ ಇರುವುದು ಎರಡೇ ಸಾಲು: "ಸಿಂಥೆಟಿಕ್ ಇಂಜಿನ್ ಆಯಿಲ್" ಮತ್ತು "ಗೇರ್ ಆಯಿಲ್". ಯಾವ ಗ್ರೇಡ್, ಯಾವ ದರ್ಜೆ, ಒಂದೂ ಇಲ್ಲ. ಟಾಪ್ ಅಪ್‌ಗೆ ಒಂದು ಲೀಟರ್ ಇಟ್ಟುಕೊಳ್ಳೋಣ ಅಂತ ಗ್ರೇಡ್ ಕೇಳಿದಾಗಲೇ ಗೊತ್ತಾಗಿದ್ದು, ಅಡ್ವೈಸರ್‌ಗೂ ಅದು ತಿಳಿದಿರಲಿಲ್ಲ. ಕೊನೆಗೆ ಪಾರ್ಟ್ಸ್ ಕೌಂಟರಿನ ಚೀಟಿ ತೆಗೆಸಿ ನೋಡಿದೆವು. ಇಂಜಿನ್‌ಗೆ 0ಡಬ್ಲ್ಯು-20. ಗೇರ್‌ಬಾಕ್ಸ್‌ಗೂ ಡಿಫರೆನ್ಷಿಯಲ್‌ಗೂ ಒಂದೇ ಡ್ರಮ್ಮಿನ 80ಡಬ್ಲ್ಯು-90, ಜಿಎಲ್-5. ಚೀಟಿಯ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

"ಸಿಂಥೆಟಿಕ್" ಅಂತ ಬರೆದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಆಯಿಲ್ ಮಾಡಲು ಬಳಸುವ ಮೂಲ ಎಣ್ಣೆಗಳನ್ನು ಗ್ರೂಪ್‌ಗಳಾಗಿ ವಿಂಗಡಿಸಿದ್ದಾರೆ; ಕಚ್ಚಾ ತೈಲವನ್ನೇ ಚೆನ್ನಾಗಿ ಸಂಸ್ಕರಿಸಿದ ಗ್ರೂಪ್ 3 ಎಣ್ಣೆಯನ್ನೂ ಬಹಳ ದೇಶಗಳಲ್ಲಿ ಸಿಂಥೆಟಿಕ್ ಅಂತಲೇ ಮಾರುತ್ತಾರೆ. ರಾಸಾಯನಿಕವಾಗಿ ತಯಾರಿಸಿದ ಗ್ರೂಪ್ 4ರ ಪಿಎಒ, ಗ್ರೂಪ್ 5ರಲ್ಲಿ ಬರುವ ಎಸ್ಟರ್, ಇವಕ್ಕೂ ಅದೇ ಹೆಸರು. ಹೋಗಲಿ, ಅದು ನನ್ನ ಮುಖ್ಯ ತಕರಾರಲ್ಲ. ಒಳ್ಳೆಯ ಗ್ರೂಪ್ 3 ಆಯಿಲ್‌ಗೆ ಕಾರು ಕಂಪನಿಯ ಅಪ್ರೂವಲ್ ಇದ್ದರೆ ನಾನು ಕಣ್ಣು ಮುಚ್ಚಿ ಹಾಕಿಸುತ್ತೇನೆ.

ಇಂಜಿನ್ ವಿಷಯಕ್ಕೆ ಬರುತ್ತೇನೆ. ಅಡ್ವೈಸರ್ ಎರಡು ಕಾರಣ ಕೊಟ್ಟರು. 0ಡಬ್ಲ್ಯು ಆಯಿಲ್ ಸ್ಟಾರ್ಟ್ ಮಾಡಿದ ತಕ್ಷಣ ಬೇಗ ಹರಿಯುತ್ತದಂತೆ. ಮತ್ತೆ ಅದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಇಟ್ಟ ಎಸ್‌ಪಿ ಅನ್ನುವ ಮೇಲಿನ ದರ್ಜೆಯದಂತೆ. ಮೊದಲನೆಯದು ಅರ್ಧ ನಿಜ. ಡಬ್ಲ್ಯು ಅಂದರೆ ಚಳಿಗಾಲದ ಲೆಕ್ಕ. ಇಂಜಿನ್ ತಿರುಗಿಸುವಾಗ ಆಯಿಲ್ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಪರೀಕ್ಷೆಯನ್ನು 0ಡಬ್ಲ್ಯುಗೆ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯುಗೆ ಮೈನಸ್ 30 ಡಿಗ್ರಿಯಲ್ಲಿ ಮಾಡುತ್ತಾರೆ. ಅಂಥ ಕೊರೆಯುವ ಚಳಿಯಲ್ಲಿ ಈ ಎರಡರ ನಡುವೆ ವ್ಯತ್ಯಾಸ ಎದ್ದು ಕಾಣುತ್ತದೆ. ನನಗೆ ಬೇಕಾಗಿರುವುದು ಗೀಟಿನ ಆ ಕಡೆಯ ಸಂಖ್ಯೆ. ನೂರು ಡಿಗ್ರಿಯಲ್ಲಿ 40 ಗ್ರೇಡಿನ ಆಯಿಲ್‌ನ ವಿಸ್ಕಾಸಿಟಿ, ಅಂದರೆ ಮಂದತನ, 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 20 ಗ್ರೇಡಿನದು 6.9ರಿಂದ 9.3. ಅಂದರೆ ಬಿಸಿ ಇಂಜಿನ್‌ನಲ್ಲಿ ಈಗ ಓಡಾಡುತ್ತಿರುವುದು ಹತ್ತಿರ ಹತ್ತಿರ ಅರ್ಧದಷ್ಟು ತೆಳುವಾದ ಆಯಿಲ್.

ಬೇರಿಂಗ್ ಒಳಗೆ ಏನಾಗುತ್ತದೆ ಅನ್ನುವುದಕ್ಕೆ ಎಚ್‌ಟಿಎಚ್‌ಎಸ್ ಅಂತ ಇನ್ನೊಂದು ಅಳತೆ ಇದೆ. 150 ಡಿಗ್ರಿಯಲ್ಲಿ, ಜೋರಾಗಿ ಉಜ್ಜುವಾಗ ಎಣ್ಣೆಯಲ್ಲಿ ಎಷ್ಟು ಗಟ್ಟಿತನ ಉಳಿಯುತ್ತದೆ ಅನ್ನುವ ಲೆಕ್ಕ ಅದು. ಎಸಿಇಎ ಎ3/ಬಿ4 ಕೇಳುವುದು ಕನಿಷ್ಠ 3.5 ಮಿಲಿಪಾಸ್ಕಲ್ ಸೆಕೆಂಡ್. 20 ಗ್ರೇಡಿಗೆ 2.6 ಇದ್ದರೂ ಪಾಸ್. ಟರ್ಬೊ ಇರುವ, ಜೋರಾಗಿ ಓಡಿಸುವ ಕಾರಿಗೆ ಈ ಅಂತರ ಸಣ್ಣದಲ್ಲ. ಇಷ್ಟು ಸಾಲದು ಅಂತ, ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಪೆಟ್ರೋಲ್ ಆಯಿಲ್‌ಗೆ ಸೇರುವುದೂ ಉಂಟು. ಇಂಜಿನ್ ಪೂರ್ತಿ ಬಿಸಿಯಾಗದ ಸಣ್ಣ ಓಡಾಟದಲ್ಲಿ ಅದು ಇನ್ನೂ ಜಾಸ್ತಿ. ಮೊದಲೇ ತೆಳುವಾದದ್ದು ಇನ್ನಷ್ಟು ತೆಳುವಾಗುತ್ತದೆ. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಪ್ರೆಶರ್ ಮುಳ್ಳು ಈಗ ಮೊದಲಿಗಿಂತ ಕೆಳಗೆ ನಿಲ್ಲುತ್ತಿದೆ. ನಿಮ್ಮ ಮೆಕ್ಯಾನಿಕ್ ಕೂಡ ಅದನ್ನು ನೋಡಿ ಒಪ್ಪಿದ್ದಾರೆ.

ಎಪಿಐ ಎಸ್‌ಪಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಬಂದ ಆ ದರ್ಜೆ ಟರ್ಬೊ ಇಂಜಿನ್‌ಗಳ ಲೋ-ಸ್ಪೀಡ್ ಪ್ರಿ-ಇಗ್ನಿಷನ್ (ಕಡಿಮೆ ವೇಗದಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳುವ) ತೊಂದರೆಗೂ ಟೈಮಿಂಗ್ ಚೈನ್ ಸವೆತಕ್ಕೂ ಪರೀಕ್ಷೆ ಇಟ್ಟಿದೆ. ಒಳ್ಳೆಯದೇ. ಆದರೆ ಎಸ್‌ಪಿ ಅನ್ನುವುದು ಆಯಿಲ್ ಎಷ್ಟು ಮಂದವಾಗಿರಬೇಕು ಅಂತ ಹೇಳುವುದಿಲ್ಲ. 0ಡಬ್ಲ್ಯು-16 ಆಯಿಲ್‌ಗೂ ಎಸ್‌ಪಿ ಸಿಗುತ್ತದೆ, 5ಡಬ್ಲ್ಯು-40ಗೂ ಸಿಗುತ್ತದೆ. ನನ್ನ ಇಂಜಿನ್‌ಗೆ ಯಾವುದು ಅಂತ ತೀರ್ಮಾನಿಸುವುದು ಕಾರು ಕಂಪನಿಯ ಅಪ್ರೂವಲ್ ನಂಬರ್. ಡಬ್ಬದ ಮೇಲೆ "ಈ ಕಾರುಗಳಿಗೆ ಸೂಕ್ತ" ಅಂತ ಇದ್ದರೆ ಅದು ಆಯಿಲ್ ಮಾಡುವವರ ಮಾತು. "ಅಪ್ರೂವ್ಡ್" ಅಂತ ನಂಬರ್ ಸಮೇತ ಇದ್ದರೆ ಮಾತ್ರ ಕಾರು ಕಂಪನಿ ಒಪ್ಪಿದ ಹಾಗೆ. ನೀವು ಹಾಕಿದ ಆಯಿಲ್‌ನ ಡೇಟಾ ಶೀಟಿನಲ್ಲಿ ನನಗೆ ಬೇಕಾದ ನಂಬರ್ ಎರಡೂ ರೀತಿಯಲ್ಲಿ ಇಲ್ಲ.

ತಪ್ಪು ತಿದ್ದುತ್ತೇವೆ ಅಂತ ಹೊರಟು ಈಗ 10ಡಬ್ಲ್ಯು-60 ಹಾಕಿಬಿಡಬೇಡಿ. ಅಡ್ವೈಸರ್ ಬಾಯಲ್ಲಿ ಆ ಮಾತೂ ಬಂತು. "ಸ್ಪೋರ್ಟ್ಸ್ ಕಾರು ತಾನೇ, ಮಂದದ್ದೇ ಹಾಕೋಣ ಬಿಡಿ" ಅಂದರು. ಇ46 ಮಾದರಿಯ ಬಿಎಂಡಬ್ಲ್ಯು ಎಂ3ಗೆ 10ಡಬ್ಲ್ಯು-60 ಹೇಳಿದ್ದು ಆ ಇಂಜಿನ್ ಮಾಡಿದವರೇ. ನಿಸಾನ್ ಜಿಟಿ-ಆರ್ ಆರ್35 ಅದಕ್ಕಿಂತ ತುಂಬಾ ಜೋರಿನ ಟರ್ಬೊ ಕಾರು, ಅದಕ್ಕೆ ಫ್ಯಾಕ್ಟರಿಯಿಂದ ಬರುತ್ತಿದ್ದದ್ದು 0ಡಬ್ಲ್ಯು-40. ಸ್ಪೋರ್ಟ್ಸ್ ಕಾರಿಗೆ ಅಂತ ಒಂದು ಆಯಿಲ್ ಇಲ್ಲ. ಬೇರಿಂಗ್ ಸಂದು, ಆಯಿಲ್ ಪಂಪ್, ಟರ್ಬೊ, ಕೂಲರ್ ಎಲ್ಲ ಲೆಕ್ಕ ಹಾಕಿ ಅವರವರು ಗ್ರೇಡ್ ಇಟ್ಟಿರುತ್ತಾರೆ. ಬೇಕಾದ್ದಕ್ಕಿಂತ ಮಂದವಾದರೆ ತಣ್ಣಗಿರುವಾಗ ಆಯಿಲ್ ತಡವಾಗಿ ತಲುಪುತ್ತದೆ, ಪಂಪ್‌ಗೆ ಸುಮ್ನೆ ಹೊರೆ.

ನನಗೆ ನಿಜಕ್ಕೂ ನಿದ್ದೆ ಕೆಡಿಸಿರುವುದು ಗೇರ್‌ಬಾಕ್ಸ್. ಇಂಜಿನ್ ಆಯಿಲನ್ನು ಇವತ್ತೇ ಇಳಿಸಿದರೆ ಬಹುಶಃ ಹೆಚ್ಚೇನೂ ಕೆಟ್ಟಿರಲಿಕ್ಕಿಲ್ಲ. ಗೇರ್‌ಬಾಕ್ಸ್ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಸರ್ವಿಸ್ ಆದ ಮೇಲೆ ಬೆಳಗಿನ ಹೊತ್ತು ಎರಡನೇ ಗೇರ್ ಹಾಕುವಾಗ ತಡೆಯುತ್ತದೆ. ಸ್ವಲ್ಪ ಅವಸರ ಮಾಡಿದರೆ ಗರ್ ಅನ್ನುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗಂತೂ ಕೈಗೇ ತಿಳಿಯುತ್ತದೆ. ಮೊದಲು ಈ ಕಾರಿನ ಗೇರ್ ಎರಡು ಬೆರಳಲ್ಲಿ ಬೀಳುತ್ತಿತ್ತು.

ಇದಕ್ಕೆ ನಿಮ್ಮವರು ಹೇಳಿದ್ದು: "ಮ್ಯಾನ್ಯುಯಲ್‌ನಲ್ಲಿ ಜಿಎಲ್-4 ಇದೆ, ನಾವು ಜಿಎಲ್-5 ಹಾಕಿದ್ದೇವೆ, ಒಂದು ಮೆಟ್ಟಿಲು ಮೇಲಿನದೇ ಅಲ್ವಾ?" ಇವು ಶಾಲೆಯ ತರಗತಿಗಳಲ್ಲ ಸ್ವಾಮಿ, ನಾಲ್ಕು ಪಾಸಾದ ಮೇಲೆ ಐದಕ್ಕೆ ಹೋಗಲು. ಜಿಎಲ್-5 ಹುಟ್ಟಿದ್ದೇ ಡಿಫರೆನ್ಷಿಯಲ್‌ನಲ್ಲಿರುವಂಥ ಹೈಪಾಯ್ಡ್ ಗೇರಿಗಾಗಿ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಭಾರ ಹೊರುತ್ತವೆ. ಅದಕ್ಕೇ ಅದರಲ್ಲಿ ಗಂಧಕ ಮತ್ತು ರಂಜಕದ ಸೇರಿಕೆ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಗೇರ್‌ಬಾಕ್ಸ್‌ನ ಸಿಂಕ್ರೊ ರಿಂಗಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಗೇರ್ ಬೀಳುವ ಮೊದಲು ಆ ರಿಂಗ್ ಗೇರಿನ ಕೋನಿನ ಮೇಲೆ ಉಜ್ಜಿ, ಹಿಡಿದು, ಎರಡರ ವೇಗವನ್ನೂ ಒಂದು ಮಾಡಬೇಕು. ಅಷ್ಟು ಜಾರುವ ಎಣ್ಣೆ ನಡುವೆ ನಿಂತರೆ ಹಿಡಿತ ಸಿಗುವುದಿಲ್ಲ. ವೇಗ ಒಂದಾಗುವ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತದೆ, ನನಗೆ ಕೇಳುವ ಗರ್ ಸದ್ದು ಅದೇ. ಇನ್ನು ರಿಂಗ್ ಹಿತ್ತಾಳೆಯದಾಗಿದ್ದರೆ, ಬಿಸಿಯಲ್ಲಿ ಗಂಧಕ ಅದನ್ನು ನಿಧಾನವಾಗಿ ತಿನ್ನುವ ಅಪಾಯವೂ ಇದೆ. ನನ್ನ ಗೇರ್‌ಬಾಕ್ಸ್‌ನಲ್ಲಿ ಇರುವುದು ಹಿತ್ತಾಳೆಯ ರಿಂಗುಗಳೇ. ತಾಮ್ರದ ಲೋಹಗಳಿಗೆ ತೊಂದರೆ ಕೊಡದ ಜಿಎಲ್-5 ಆಯಿಲ್‌ಗಳೂ ಸಿಗುತ್ತವೆ, ನಿಜ. ಆದರೆ ಆಗಲೂ ಹಿಡಿತದ ಸಮಸ್ಯೆ ಹಾಗೇ ಉಳಿಯುತ್ತದೆ. ಇದರ ಮೇಲೆ 75ಡಬ್ಲ್ಯು-80 ಇರಬೇಕಾದ ಕಡೆ 80ಡಬ್ಲ್ಯು-90. ಬೆಳಗ್ಗೆ ಗೇರ್ ಬಿಗಿಯಾಗದೆ ಇನ್ನೇನಾಗುತ್ತದೆ?

ಹಾಗೇ ಒಂದು ಮಾತು. "80ಡಬ್ಲ್ಯು-90 ಅಂದರೆ ಇಂಜಿನ್ ಆಯಿಲಿಗಿಂತ ಎರಡರಷ್ಟು ಮಂದ, ಗೇರಿಗೆ ಒಳ್ಳೆಯ ರಕ್ಷಣೆ" ಅಂತಲೂ ನಿಮ್ಮವರು ವಿವರಿಸಿದರು. ಗೇರ್ ಆಯಿಲ್ ಮತ್ತು ಇಂಜಿನ್ ಆಯಿಲ್‌ನ ಅಳತೆಪಟ್ಟಿಗಳೇ ಬೇರೆ. ನೂರು ಡಿಗ್ರಿಯಲ್ಲಿ 90ರ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ಸ್, ಅಂದರೆ 40 ಅಥವಾ 50 ಗ್ರೇಡಿನ ಇಂಜಿನ್ ಆಯಿಲ್‌ನ ಆಸುಪಾಸು. ಇಷ್ಟನ್ನಾದರೂ ಕೌಂಟರಿನಲ್ಲಿ ಕೂರುವವರಿಗೆ ಹೇಳಿಕೊಡಿ.

ಡಿಫರೆನ್ಷಿಯಲ್‌ಗೆ ಜಿಎಲ್-5 ಹಾಕಿದ್ದು ಸರಿಯೇ, ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಇದು ಸಾದಾ ಡಿಫರೆನ್ಷಿಯಲ್ ಅಲ್ಲ. ಒಳಗೆ ಕ್ಲಚ್ ಪ್ಲೇಟುಗಳಿವೆ. ತಿರುವಿನಲ್ಲಿ ಅವು ಒಂದರ ಮೇಲೊಂದು ನಯವಾಗಿ ಜಾರಬೇಕು, ಅದಕ್ಕೆ ಫ್ರಿಕ್ಷನ್ ಮಾಡಿಫೈಯರ್, ಅಂದರೆ ಉಜ್ಜಾಟವನ್ನು ನಯ ಮಾಡುವ ಸೇರಿಕೆ, ಇರುವ ಆಯಿಲ್ ಬೇಕು. ಅದಿಲ್ಲದಿದ್ದರೆ ಪ್ಲೇಟುಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ಈಗ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದರೆ ಹಿಂದಿನಿಂದ ಕಟಕಟ ನಡುಕ ಬರುತ್ತದೆ. ಟಾರ್ಸೆನ್ ತರಹದ, ಬರೀ ಗೇರುಗಳಿರುವ ಲಿಮಿಟೆಡ್ ಸ್ಲಿಪ್ ಆಗಿದ್ದರೆ ಸಾಮಾನ್ಯವಾಗಿ ಮಾಡಿಫೈಯರ್ ಬೇಕಾಗುವುದಿಲ್ಲ. ನಿಮ್ಮವರು ಅದು ಇದು ಒಂದೇ ಅಂದುಕೊಂಡಿರಬಹುದು.

ದೂರು ಹೇಳಿದ ಮೇಲೆ ನನಗೆ ಸಿಕ್ಕ ಪರಿಹಾರ ಒಂದು ಬಾಟ್ಲಿ ಅಡಿಟಿವ್. "ಗೇರ್‌ಬಾಕ್ಸ್‌ಗೆ ಇದನ್ನು ಸುರಿದರೆ ಸದ್ದು ನಿಲ್ಲುತ್ತೆ" ಅಂದರು. ಬೇಡ. ತಪ್ಪು ಆಯಿಲ್ ಒಳಗೇ ಇರುವಾಗ ಅದರ ಮೇಲೆ ಇನ್ನೊಂದು ರಾಸಾಯನಿಕ ಸುರಿಯಲು ನಾನು ಒಪ್ಪುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಕಾರನ್ನು ಓಡಿಸುವುದು ನಿಲ್ಲಿಸಿದ್ದೇನೆ, ನಿಮ್ಮ ಖರ್ಚಿನಲ್ಲೇ ಟೋ ಮಾಡಿಸಿಕೊಂಡು ಹೋಗಿ. ಮೂರೂ ಆಯಿಲ್ ಇಳಿಸಿ, ಮ್ಯಾನ್ಯುಯಲ್ ಹೇಳಿದ ಆಯಿಲ್ ತುಂಬಿ. ಡ್ರಮ್ ಬೇಡ, ಸೀಲ್ ಇರುವ ಕ್ಯಾನ್ ನನ್ನ ಎದುರಿಗೇ ತೆಗೆಯಿರಿ. ಆಯಿಲ್ ಫಿಲ್ಟರ್ ಕೂಡ ಹೊಸದು. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನಲ್ಲಿ ಒಂದು ಸಲ ಇಳಿಸಿದರೆ ಹಳೆಯದು ಪೂರ್ತಿ ಬರುವುದಿಲ್ಲ, ಗೋಡೆಗೂ ಬೇರಿಂಗಿಗೂ ಅಂಟಿ ಉಳಿಯುತ್ತದೆ. ಹಾಗಾಗಿ ಸರಿಯಾದ ಆಯಿಲ್ ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿ. ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಅಂತ ನೋಡಿಕೊಳ್ಳಿ. ಅದು ಕಚ್ಚಿಕೊಂಡಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಎಲ್ಲರೂ ಮುಖ ನೋಡುತ್ತಾ ನಿಲ್ಲಬೇಕಾಗುತ್ತದೆ. ಡಿಫರೆನ್ಷಿಯಲ್ ಆದ ಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸುತ್ತು ಹೊಡೆಸಿ. ಮಾಡಿಫೈಯರ್ ಪ್ಲೇಟುಗಳ ನಡುವೆ ಇಳಿಯಬೇಕು.

ಇಳಿಸಿದ ಆಯಿಲನ್ನು ಚೆಲ್ಲಬೇಡಿ. ಇಂಜಿನ್‌ದೊಂದು, ಗೇರ್‌ಬಾಕ್ಸ್‌ದೊಂದು ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಿ. ಇಂಜಿನ್ ಆಯಿಲ್‌ನಲ್ಲಿ ವಿಸ್ಕಾಸಿಟಿ, ಪೆಟ್ರೋಲ್ ಪ್ರಮಾಣ, ಬೇರಿಂಗಿನಿಂದ ಬರುವ ಲೋಹಗಳು ಎಷ್ಟಿವೆ ನೋಡಬೇಕು. ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಮುಖ್ಯವಾಗಿ ತಾಮ್ರ. ಅದು ಜಾಸ್ತಿ ಬಂದರೆ ಸಿಂಕ್ರೊ ರಿಂಗುಗಳು ಸವೆದಿವೆ ಅಂತಲೇ ನಾನು ತಿಳಿಯುತ್ತೇನೆ, ಆಗ ಗೇರ್‌ಬಾಕ್ಸ್ ಬಿಚ್ಚಿ ನೋಡಲೇಬೇಕು. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್‌ಗೆ ಅಂಟಿದ್ದನ್ನು ಒರೆಸುವ ಮೊದಲು ಫೋಟೊ ತೆಗೆಯಿರಿ. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಹಾಗಾಗಿ ಪ್ಲಗ್ ಕ್ಲೀನ್ ಇದೆ ಅಂತ ತೋರಿಸಿ ಲ್ಯಾಬ್ ತಪ್ಪಿಸಬೇಡಿ.

ಹಳೆಯ ಬಿಲ್ಲಿನ ಬದಲು ಹೊಸ ಬಿಲ್ ಕೊಡಿ. ಮೂರು ಆಯಿಲ್‌ಗಳ ಹೆಸರು, ಗ್ರೇಡ್, ದರ್ಜೆ, ಅಪ್ರೂವಲ್ ನಂಬರ್, ಎಷ್ಟು ಲೀಟರ್ ಅನ್ನುವುದು ಅದರಲ್ಲಿರಲಿ. ನಾಳೆ ಇಂಜಿನ್ ವಾರಂಟಿ ಕೇಳಿಕೊಂಡು ಹೋದರೆ ಕಾರು ಕಂಪನಿ ಮೊದಲು ಕೇಳುವುದೇ ಅದನ್ನು. ಈ ತಪ್ಪು ಆಯಿಲ್ ಹಾಕಿದ್ದು ನಿಮ್ಮ ವರ್ಕ್‌ಶಾಪ್ ಅನ್ನುವುದನ್ನೂ, ಸಿಂಕ್ರೊ ರಿಂಗ್ ಮತ್ತು ಡಿಫರೆನ್ಷಿಯಲ್ ಪ್ಲೇಟುಗಳಿಗೆ ಮುಂದಿನ ಒಂದು ವರ್ಷದಲ್ಲಿ ತೊಂದರೆ ಬಂದರೆ ಪಾರ್ಟ್ಸ್ ಮತ್ತು ಲೇಬರ್ ಎರಡೂ ನಿಮ್ಮದೇ ಅನ್ನುವುದನ್ನೂ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲ್ ಹಾಕಿ ಕೊಡಿ. "ಬಂದಾಗ ನೋಡೋಣ" ಅನ್ನುವ ಮಾತು ಸಾಲದು.

ಏಳು ದಿನದೊಳಗೆ ಬರವಣಿಗೆಯಲ್ಲೇ ಉತ್ತರ ಬೇಕು. ಬರದಿದ್ದರೆ ಇದೇ ಪತ್ರ, ಚೀಟಿಯ ನಕಲು ಮತ್ತು ಗೇರ್ ಸದ್ದಿನ ವಿಡಿಯೊ ಮೂರನ್ನೂ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಕಳಿಸುತ್ತೇನೆ, ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಟೋ ಗಾಡಿ ಕಳಿಸುವ ಹಿಂದಿನ ದಿನ ಫೋನ್ ಮಾಡಿ. ಚಕ್ರ ನಾಲ್ಕೂ ಮೇಲೆ ಬರುವ ಫ್ಲ್ಯಾಟ್‌ಬೆಡ್ ಗಾಡಿಯೇ ಬೇಕು, ಹಿಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆಯುವುದು ಬೇಡ.

ಇಂತಿ,
ಕಾರಿನ ಮಾಲೀಕ

ಲಗತ್ತು: ಬಿಲ್ ಮತ್ತು ಪಾರ್ಟ್ಸ್ ಚೀಟಿಯ ನಕಲು, ಮ್ಯಾನ್ಯುಯಲ್‌ನ ಆಯಿಲ್ ಪುಟದ ಫೋಟೊ.