ಮಗಳನ್ನು ಗಂಗೋತ್ರಿಗೆ ಕಳಿಸು

ಪ್ರೀತಿಯ ಗೆಳೆಯಾ,

ಮಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂಎ ಸೀಟು ಸಿಕ್ಕಿದೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಕಣ್ಣು ಮುಚ್ಚಿ ಕಳಿಸು.

ಅವಳು ಕೂರಲಿರುವ ಆ ತರಗತಿ ಸುಮ್ನೆ ಬಂದದ್ದಲ್ಲ ಮಾರಾಯ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ಕ್ಕೆ. ಆಗ ನಾಲ್ವಡಿಯವರು ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಆದರೆ ಕನ್ನಡದಲ್ಲಿ ಎಂಎ ಓದಬೇಕು ಅಂದರೆ 1927ರವರೆಗೆ ಕಾಯಬೇಕಾಯಿತು. ಕನ್ನಡ ನಾಡಿನಲ್ಲೇ! ಅದಕ್ಕಾಗಿ ಪಟ್ಟು ಹಿಡಿದು ದುಡಿದವರು ಇಂಗ್ಲಿಷ್ ಮೇಷ್ಟ್ರಾಗಿದ್ದ ಬಿಎಂಶ್ರೀ. ಆ ಮೊದಲ ತಂಡದಲ್ಲಿ ಓದಿದ ಕುವೆಂಪು 1956ರಲ್ಲಿ ಅಲ್ಲಿಗೇ ಕುಲಪತಿಯಾದರು. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಸ್ನಾತಕೋತ್ತರ ಕೇಂದ್ರ ಕಟ್ಟಿಸಿ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ.

ಇಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದ ರಾಧಾಕೃಷ್ಣನ್ ಕಲ್ಕತ್ತಕ್ಕೆ ಹೊರಟಾಗ ಹುಡುಗರೇ ಅವರ ಸಾರೋಟು ಎಳೆದುಕೊಂಡು ಸ್ಟೇಷನ್‌ಗೆ ಹೋದ ಕಥೆ ನಿನಗೂ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಪ್ರಚಾರೋಪನ್ಯಾಸಗಳು. ಮೇಷ್ಟ್ರುಗಳು ಊರೂರಿಗೆ ಹೋಗಿ ಆರೋಗ್ಯ, ವಿಜ್ಞಾನ, ಚರಿತ್ರೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿ ಬರುತ್ತಿದ್ದರು. ಆಮೇಲೆ ಆ ಮಾತುಗಳನ್ನೇ ಚಿಕ್ಕ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಡುತ್ತಿದ್ದರು. ನನ್ನ ಹತ್ತಿರ ಅಂಥದ್ದೊಂದು ಇದೆ. ಅಂಗೈಯಗಲದ್ದು. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆಗಳಿಗೆಲ್ಲ ಕಂದು ಕಲೆ ಹತ್ತಿದೆ. ಅಕ್ಷರ ಮಾತ್ರ ಇವತ್ತಿಗೂ ಸ್ಪಷ್ಟ. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ವಿದ್ಯೆ ತಲುಪಬೇಕು ಅಂತ ಒಂದು ವಿಶ್ವವಿದ್ಯಾನಿಲಯ ಅಂದುಕೊಂಡಿತಲ್ಲ, ಅದು ದೊಡ್ಡದು ಅಲ್ವಾ?

ಈಗ ಖಾಯಂ ಮೇಷ್ಟ್ರುಗಳು ಕಡಿಮೆ ಅನ್ನುವ ನಿನ್ನ ಚಿಂತೆ ನಿಜವೇ. ಹಾಗಾಗಿ ಅವಳು ಲೈಬ್ರರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಉಳಿದದ್ದನ್ನು ಗೆಳೆಯರು ಕಲಿಸುತ್ತಾರೆ. ಕ್ಲಾಸಿನಲ್ಲಿ ಪಂಪನ ಬಗ್ಗೆ ಬಾಯಿ ಬಿಡದವರು ಕ್ಯಾಂಟೀನಿನಲ್ಲಿ ಟೀ ಆರುವವರೆಗೂ ಜಗಳ ಆಡುತ್ತಾರೆ. ಸಂಜೆ ಅದೇ ಜಗಳ ಕೆರೆ ಏರಿಯ ಮೇಲೆ ಮುಂದುವರಿಯುತ್ತದೆ. ನೀರಿನಲ್ಲಿ ಹೆಜ್ಜಾರ್ಲೆ ಹಕ್ಕಿಗಳು ತೇಲುತ್ತಿರುತ್ತವೆ, ಯಾರೂ ನೋಡುವುದಿಲ್ಲ. ದಸರಾ ಹೊತ್ತಿಗಂತೂ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ. ನಾಡಿನ ಮೂಲೆಮೂಲೆಯ ಹುಡುಗ ಹುಡುಗಿಯರು ಬಂದು ಕುಣಿಯುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ.

ಹಾಸ್ಟೆಲ್ ಅರ್ಜಿ ಮಾತ್ರ ತಡಮಾಡಬೇಡ. ಅಡ್ಮಿಷನ್ ದಿನ ನೀನೂ ಜೊತೆಗೆ ಬಾ. ಅವಳ ಕೆಲಸ ಮುಗಿದ ಮೇಲೆ ಮೂವರೂ ವಿಶ್ವವಿದ್ಯಾನಿಲಯದ ಪುಸ್ತಕ ಪ್ರಕಟಿಸುವ ಪ್ರಸಾರಾಂಗದ ಮಳಿಗೆಗೆ ಹೋಗೋಣ. ಅವಳಿಗೆ ಮೊದಲ ಪುಸ್ತಕ ನಾನೇ ಕೊಡಿಸುತ್ತೇನೆ.

ನಿನ್ನವ