ಚರಟದ ಬಕೆಟ್ ಹೊತ್ತವರಿಗೆ ಥ್ಯಾಂಕ್ಸ್

ಕಾಫಿ ಚರಟದಿಂದ ಗೊಬ್ಬರ ಮಾಡಲು ಶುರು ಮಾಡಿ ನಿನ್ನೆಗೆ ಒಂದು ವರ್ಷವಾಯಿತು. ಮೊದಲ ದಿನ ಒಂದು ಆಫೀಸಿನಿಂದ ಅರ್ಧ ಬಕೆಟ್ ಕಾಫಿ ಚರಟ ತಂದು ಬಡಾವಣೆಯ ತೋಟದ ಮೂಲೆಗೆ ಸುರಿದಿದ್ದೆವು. ಈಗ ಐದು ಆಫೀಸು, ಮೂರು ಕೆಫೆಗಳಿಂದ ಬರುತ್ತದೆ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಶುರು ಮಾಡಬೇಕಾದ್ದು ಮಾತ್ರ ಪ್ಯಾಂಟ್ರಿಯ ಅಕ್ಕನಿಂದ.

ನಮಗೆ ಚರಟ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದ್ದು ಆಫೀಸಿನ ಮ್ಯಾನೇಜರ್. ಫೋಟೋದಲ್ಲಿರೋದೂ ಅವರೇ. ಆದರೆ ಮೊದಲ ತಿಂಗಳು ಬಂದ ಚರಟದಲ್ಲಿ ಪೇಪರ್ ಕಪ್ಪು, ಸಕ್ಕರೆ ಪೊಟ್ಟಣ, ಕಲಕುವ ಕಡ್ಡಿ ಎಲ್ಲಾ ಇರುತ್ತಿತ್ತು. ನಾವು ಗ್ಲೌಸ್ ಹಾಕಿಕೊಂಡು ಕೂತು ಆರಿಸುತ್ತಿದ್ದೆವು. ಒಂದು ದಿನ ಅಕ್ಕ ಇದನ್ನು ಕೇಳಿಸಿಕೊಂಡರು. ಮರುದಿನ ನಮ್ಮ ಬಕೆಟ್ ಕಸದ ಡಬ್ಬಿಯ ಪಕ್ಕದಲ್ಲಿರಲಿಲ್ಲ, ಕಾಫಿ ಮಷೀನಿನ ಬುಡದಲ್ಲಿತ್ತು. "ಕಸದ ಪಕ್ಕ ಇಟ್ರೆ ಅದನ್ನೂ ಕಸ ಅಂದ್ಕೋತಾರೆ ಮೇಡಂ" ಅಂದರು. ಅಷ್ಟೇ. ನಾವು ಅಂಟಿಸಿದ್ದ ಪೋಸ್ಟರನ್ನು ಯಾರೂ ಓದಿರಲಿಲ್ಲ ಅನ್ನೋದು ಆಗ ಗೊತ್ತಾಯಿತು!

ಮೂರನೇ ತಿಂಗಳು ಕೆಟ್ಟದಾಗಿತ್ತು. ಚರಟ ಅಂದರೆ ಚಿನ್ನ ಅಂದುಕೊಂಡು ಬಂದದ್ದನ್ನೆಲ್ಲ ಒಂದೇ ಕಡೆ ರಾಶಿ ಹಾಕಿದ್ದೆವು. ಹಸಿರು ಬೂಷ್ಟು ಹಿಡಿಯಿತು, ಹುಳಿ ವಾಸನೆ ಎದ್ದಿತು. ಉಳಿದದ್ದನ್ನು ಎಳೆ ಸಸಿಗಳ ಬುಡಕ್ಕೆ ದಪ್ಪಗೆ ಹಾಕಿದೆವು. ಅದು ಒಣಗಿ ಹಕ್ಕಳೆ ಕಟ್ಟಿ, ಹಾಕಿದ ನೀರು ಮೇಲೇ ಜಾರಿ ಹೋಯಿತು. ಅರ್ಧಕ್ಕರ್ಧ ಸಸಿ ಸತ್ತವು. ನಿಲ್ಲಿಸಿಬಿಡೋಣ ಅಂತ ಮೆಸೇಜ್ ಕೂಡ ಟೈಪ್ ಮಾಡಿದ್ದೆ.

ಆಗ ಬಂದವರು ನಮ್ಮ ಮೇಷ್ಟ್ರು. ರಾಶಿಯಿಂದ ಒಂದು ಹಿಡಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. "ಬಣ್ಣ ನೋಡಿ ಮೋಸ ಹೋಗಿದ್ದೀರಿ" ಅಂದರು. ಚರಟ ಕಂದು ಬಣ್ಣದ್ದಾದರೂ ಗೊಬ್ಬರದ ಲೆಕ್ಕದಲ್ಲಿ ಹಸಿ ಸೊಪ್ಪಿನ ಜಾತಿ. ಅದರಲ್ಲಿ ಶೇ. 2ರಷ್ಟು ಸಾರಜನಕ ಇರುತ್ತದೆ. ಜೊತೆಗೆ ಒಣ ಎಲೆ ಬೇಕೇ ಬೇಕು. ಇಡೀ ರಾಶಿಯಲ್ಲಿ ಚರಟ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ಹುಳಿ ಅಂಶ ಬಹುಪಾಲು ಕಾಫಿಯ ಜೊತೆಗೇ ಇಳಿದು ಹೋಗಿರುತ್ತದಂತೆ, ಆದರೆ ಉಳಿದ ಕೆಫೀನ್ ಎಳೆ ಸಸಿಗೆ ಆಗಿಬರುವುದಿಲ್ಲ. ಮೊದಲು ಕೊಳೆಯಲಿ, ಆಮೇಲೆ ಬುಡಕ್ಕೆ. ಮೇಷ್ಟ್ರೇ, ಅವತ್ತು ನೀವು ಬೈದಿದ್ದಕ್ಕೂ ಥ್ಯಾಂಕ್ಸ್.

ವಾಸನೆ ಅಂತ ದೂರು ಕೊಟ್ಟಿದ್ದ ಪಕ್ಕದ ಮನೆಯವರಿಗೆ ಕ್ಷಮೆ ಕೇಳುತ್ತೇನೆ. ಅವರು ಈಗ ಒಣ ಎಲೆ ಚೀಲ ತಂದು ಕೊಡುತ್ತಾರೆ. ದೂರನ್ನೂ ಕೊಡುತ್ತಾರೆ, ಅದು ಬೇರೆ ಮಾತು.

ಕಂಪನಿಗಳ ಸಹಾಯ ಅಂದ ಕೂಡಲೇ ಎಲ್ಲರೂ ದುಡ್ಡು ಎಷ್ಟು ಅಂತ ಕೇಳುತ್ತಾರೆ. ನಿಜವಾಗಿ ನಮ್ಮನ್ನು ಉಳಿಸಿದ್ದು ಖಾಲಿ ವ್ಯಾನು. ಒಂದು ಆಫೀಸಿಗೆ ಕ್ಯಾಂಟೀನ್ ಸಾಮಾನು ಇಳಿಸಿ ಸುಮ್ನೆ ವಾಪಸ್ ಹೋಗುತ್ತಿದ್ದ ಗಾಡಿ ಅದು. ದಾರಿಯಲ್ಲಿ ನಮ್ಮ ಬಕೆಟ್‌ಗಳನ್ನು ಹಾಕಿಕೊಂಡು ಬರಲು ಅವರು ಒಪ್ಪಿದರು. ಡ್ರೈವರ್ ಅಣ್ಣ ಒಂದು ದಿನವೂ ತಡ ಮಾಡಿಲ್ಲ. ಇದರಿಂದ ಈ ಚರಟದಲ್ಲೇ ಅಣಬೆ ಬೆಳೆಯುವ ಗೆಳತಿಯರಿಗೆ ಜಾಸ್ತಿ ಲಾಭ. ಬಿಸಿನೀರಲ್ಲಿ ಬೆಂದ ಚರಟದಲ್ಲಿ ಬೇರೆ ಬೂಷ್ಟು ಕಮ್ಮಿ, ಆದರೆ ಒಂದು ದಿನ ಕಳೆದರೆ ಅದು ಮತ್ತೆ ಸೇರಿಕೊಳ್ಳುತ್ತದೆ. ಅಂದಿನದ್ದು ಅಂದೇ ಸಿಕ್ಕರೆ ಮಾತ್ರ ಆಯ್ಸ್ಟರ್ ಅಣಬೆ ಸರಿಯಾಗಿ ಬರೋದು. ಕಾಫಿಪುಡಿಯಲ್ಲಿ ಕಪ್ಪಿಗೆ ಇಳಿಯೋದು ಸುಮಾರು ಐದನೇ ಒಂದು ಭಾಗ. ಮಿಕ್ಕಿದ್ದೆಲ್ಲ ಈ ಬಕೆಟ್‌ನಲ್ಲೇ ಇರುತ್ತದೆ, ಅಲ್ವಾ?

ಸದ್ಯಕ್ಕೆ ಚರಟ ಸಾಕಷ್ಟಿದೆ, ಒಣ ಎಲೆಗೇ ಬರ. ಗುಡಿಸಿದ ಎಲೆಗೆ ಬೆಂಕಿ ಹಚ್ಚುವ ಮೊದಲು ಒಂದು ಫೋನ್ ಮಾಡಿ. ಚೀಲ ನಾವೇ ತರುತ್ತೇವೆ. ಮತ್ತೆ, ನೀಲಿ ಬಕೆಟ್‌ನ ಮುಚ್ಚಳ ಯಾರ ಹತ್ತಿರ ಉಳಿದಿದೆಯೋ, ದಯವಿಟ್ಟು ವಾಪಸ್ ಕೊಡಿ.